ಸ್ಯಾಕ್ಸೊಫೋನಿಗೆ ಸಿಕ್ಕ ಹಿಮ್ಮೇಳ

‘ಸಂಗೀತಕ್ಕೆ ಭಾಷೆಯ ಹಂಗಿಲ್ಲ, ಅದಕ್ಕೇ ಜಾಝ್ ಮತ್ತು ಭಜನೆ ಅಷ್ಟು ಸಲೀಸಾಗಿ ಕೂಡಿದವು’ ಎಂದು ಜಲನಗರದಲ್ಲಿ ಕಾರ್ಯಕ್ರಮದ ಹಿಂದಿನ ದಿನ ನಡೆದ ತಾಲೀಮು ಕೇಳಿದವರೆಲ್ಲ ಹೇಳುತ್ತಾರೆ. ನಾನೂ ಅಲ್ಲಿದ್ದೆ, ಒಪ್ಪುವುದಿಲ್ಲ. ಅವು ಕೂಡಿದ್ದು ಒಂದು ತಪ್ಪಿನಿಂದ.

ಭಜನೆಯ ಪದದ ನಡುವೆ ನಾನೊಬ್ಬನೇ ಮನಸ್ಸಿಗೆ ಬಂದಂತೆ ನುಡಿಸುತ್ತೇನೆ, ನೀವು ಬರೀ ತಾಳ ಹಾಕಿರಿ ಎಂದು ಜಾಝ್ ನುಡಿಸುವ ಸ್ಯಾಕ್ಸೊಫೋನಿನ ಇಮ್ರಾನ್, ಘೋಣಸಗಿ ಊರಿನ ಭಜನಾ ಮೇಳದ ಹೆಣ್ಣುಮಕ್ಕಳಿಗೆ ಹೇಳಿದ್ದ. ಸರಿಹೊಂದದಿದ್ದರೆ ಮರುದಿನದ ಕಾರ್ಯಕ್ರಮಕ್ಕೆ ಮೇಳ ಬೇಡ ಎಂದು ಸಂಘಟಕರು ಮೊದಲೇ ಅಂದಿದ್ದರು. ಇಮ್ರಾನ್ ಒಂದು ಸಾಲು ನುಡಿಸಿ ಉಸಿರೆಳೆದುಕೊಂಡನೋ ಇಲ್ಲವೋ, ಮೇಳದ ಹಿರಿಯರಾದ ನೀಲವ್ವ ಅದೇ ಸಾಲನ್ನು ಹಾಡಿ ಎತ್ತಿಕೊಂಡರು. ಉಳಿದವರೂ ದನಿಗೂಡಿಸಿದರು.

ಇಮ್ರಾನ್ ವಾದ್ಯ ಕೆಳಗಿಳಿಸಿದ. ‘ಯವ್ವಾ, ಇಲ್ಲಿ ನಾ ಒಬ್ಬನ ನುಡಸೂದೈತ್ರಿ.’

‘ಮುಂದಿನವರು ಅಂದದ್ದನ್ನ ಹಿಂದಿನವರು ಎತ್ತಲಿಲ್ಲಂದ್ರ, ನಡುನೀರಾಗ ಕೈಬಿಟ್ಟಂಗಲ್ಲೇನೋ ಯಪ್ಪಾ? ನಮ್ಮ ಭಜನ್ಯಾಗ ಹಂಗ ಮಾಡೂದಿಲ್ಲ’ ಎಂದರು ನೀಲವ್ವ.

ಇಮ್ರಾನ್ ನಕ್ಕ. ಆಮೇಲೆ ಬೇಕಂತಲೇ ಒಂದು ಸೊಟ್ಟ ಸಾಲು ನುಡಿಸಿದ. ಅವರು ಸೊಟ್ಟಗೇ ಹಾಡಿದರು. ಇನ್ನೂ ಕಠಿಣವಾದದ್ದನ್ನು ನುಡಿಸಿದ. ಅರ್ಧ ತಪ್ಪಿದರು, ಆದರೆ ಬಿಡಲಿಲ್ಲ. ಆ ತಪ್ಪಿದ ಅರ್ಧವನ್ನೇ ಹಿಡಿದು ಅವನು ಹೊಸದೊಂದು ಸಾಲು ಕಟ್ಟಿದ. ಸಂಘಟಕರು ಎದ್ದು ಬಂದು ಒಂದು ಮೈಕನ್ನು ಮೇಳದ ಕಡೆ ಸರಿಸಿದರು.

ಮರುದಿನ ಮೇಳ ವೇದಿಕೆ ಹತ್ತಿತು. ಅವರಿಗೆ ಜಾಝ್ ತಿಳಿದಿರಲಿಲ್ಲ, ಅವನಿಗೆ ಭಜನೆಯ ರಿವಾಜು ಗೊತ್ತಿರಲಿಲ್ಲ, ಆದರೂ ಜನ ಎದ್ದು ಹೋಗಲಿಲ್ಲ. ಇಮ್ರಾನನ ಮೇಲೆ ನನ್ನದೊಂದು ತಕರಾರು ಮಾತ್ರ ಉಳಿದಿದೆ. ಇಮ್ರಾನ್, ಮುಂದಿನ ಸಲ ನೀಲವ್ವನೇ ಮನಸ್ಸಿಗೆ ಬಂದ ಸಾಲು ಎತ್ತಿದರ, ನೀ ಹಿಂದ ನಿಂತು ನುಡಸ್ತೀಯೇನು?