ಎರಡು ಬಟ್ಟಲಿನ ಕೆಂಪು

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಾನು ಸಾಂಗ್ಲಿ ಸಂಸ್ಥಾನದಲ್ಲಿ ಅರಿಸಿನ ವ್ಯಾಪಾರಿಯೊಬ್ಬರ ಮನೆಯ ಹೊಸ ಸೊಸೆ. ಸಂಬಳದ ಹುದ್ದೆ ಎಂದೂ ಹಿಡಿದವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದ್ದರಿಂದ, ಮಾವನವರಿಗೆ ಬರುವ ಇಂಗ್ಲಿಷ್ ಪತ್ರಗಳನ್ನು ಓದಿ ಹೇಳಿ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದೂ ಮಧ್ಯಾಹ್ನ, ಅಡುಗೆಮನೆ ಸಾರಿಸಿದ ಮೇಲೆ.

ಆ ಬೇಸಿಗೆ ಮುಂಬಯಿಯ ಖರೀದಿದಾರರಿಂದ ಒಂದು ಪತ್ರ ಬಂತು. ಒಂದೇ ಬೀಜದ್ದೆಂದು ಕಳಿಸಿದ ಎರಡು ಮಾದರಿಗಳ ಪೈಕಿ ಒಂದರಲ್ಲಿ ಕರ್ಕ್ಯುಮಿನ್, ಅಂದರೆ ಅರಿಸಿನಕ್ಕೆ ಹಳದಿ ಕೊಡುವ ರಾಸಾಯನಿಕ, ತೀರ ಕಡಿಮೆ ಇದೆ ಎಂದು ಬರೆದಿದ್ದರು. ಅದು ಖಂಡೇರಾಜುರಿಯ ರೈತ ಪಾಯಪ್ಪನ ಮಾಲು. ಬೀಜ ಕೊಟ್ಟವರು ಮಾವನವರೇ. ಅವನು ಅಗ್ಗದ ಅರಿಸಿನ ಬೆರೆಸಿದ್ದಾನೆಂದು ಅವರು ಪೇಟೆಯಲ್ಲಿ ನಾಲ್ಕು ಜನರ ಮುಂದೆ ಅಂದೇಬಿಟ್ಟರು. ಅಂಥ ಹಿರಿಯರು ಹಾಗೆಂದ ಮೇಲೆ ಉಳಿದ ವ್ಯಾಪಾರಿಗಳು ಅವನ ಚೀಲ ಬಿಚ್ಚಿಸಿಯೂ ನೋಡುತ್ತಿರಲಿಲ್ಲ.

ಪಾಯಪ್ಪ ಮನೆಗೇ ಬಂದ. ಬೇಯಿಸದೆ ಉಳಿದಿದ್ದ ಒಂದಿಷ್ಟು ಹಸಿ ಗಡ್ಡೆಗಳನ್ನು ಪಡಸಾಲೆಯಲ್ಲಿ ಸುರಿದ.

"ಬಸದಿ ಮುಂದ ಆಣಿ ಮಾಡ್ತೀನ್ರಿ ಸಾವಕಾರ್ರ, ಒಂದು ತುಣುಕು ಕಲಸಿಲ್ಲ."

"ಬೀಜ ನಂದು. ಬಣ್ಣ ಯಾರದು, ಪಾಯಪ್ಪಾ?"

ಬಾಗಿಲ ಹಿಂದಿದ್ದ ನನಗೆ ಕಂಡದ್ದು ಗಡ್ಡೆಯ ಉಂಗುರಗಳಲ್ಲಿ ಒಣಗಿ ಕೂತ ಮಣ್ಣು. ಕಪ್ಪು ಜಿಗುಟು ಮಣ್ಣು. ನಾನು ಮದುವೆಯಾಗಿ ಬಂದಾಗ ನೋಡಿದ ಅವನ ಹಿಂದಿನ ವರ್ಷದ ಗಡ್ಡೆಗೆ ಸಡಿಲ ಕೆಂಪು ಮಣ್ಣಿತ್ತು. ಪರ ಗಂಡಸರೆದುರು ಸೊಸೆ ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಯಾವ ಹೊಲದ್ದೆಂದು ಅತ್ತೆಯವರಿಂದ ಕೇಳಿಸಿದೆ.

"ಈ ಸಲ ಹಳ್ಳದ ದಂಡಿ ಹೊಲಕ್ಕ ಹಚ್ಚಿದ್ದೆ, ತಾಯಿ," ಎಂದ. "ಶ್ರಾವಣದಾಗ ನೀರು ನಿಂತಿತ್ತು."

ಮಾವನವರು ಆ ವರ್ಷದ ಬೀಜ ಕೊಡದೆ ಕಳಿಸಿದರು. ನೆಲ ಬದಲಾದರೆ ಬಣ್ಣವೂ ಬದಲಾಗಬಹುದಲ್ಲವೇ ಎಂದು ಆಮೇಲೆ ಕೇಳಿದೆ. ಅವರು ನಕ್ಕರು.

"ಹಳದಿ ನೋಡಿ ನೋಡಿ ನನ್ನ ಮೀಸಿ ಬೆಳ್ಳಗಾಗ್ಯಾವ. ನಿಮ್ಮ ಸಾಲ್ಯಾಗ ಆ ಸಿಸ್ಟರ್‌ಬಾಯಿಗೋಳು ಹಳದಿ ಬೆಳೀತಿದ್ರೇನವಾ?"

"ಹಿತ್ತಲಾ ಖಾಲೀನ ಬಿದ್ದೈತಿ," ಎಂದರು ಅತ್ತೆ. "ಹಚ್ಚಿ ನೋಡ್ಲಿ ಬಿಡ್ರಿ. ನಿಮ್ಮ ಮೀಸಿ ಏನ ಉದರತಾವನ?"

ಒಂದೇ ಗಡ್ಡೆಯನ್ನು ಎರಡು ಹೋಳು ಮಾಡಿದೆ. ಒಂದನ್ನು ಬಚ್ಚಲ ನೀರು ನಿಲ್ಲುವ ಕಪ್ಪು ಮಣ್ಣಿನಲ್ಲಿ, ಇನ್ನೊಂದನ್ನು ಗೋಡೆಯ ಪಕ್ಕ, ಹೊಳೆಯ ಮರಳು ಬೆರೆಸಿ ಎತ್ತರಿಸಿದ ಮಡಿಯಲ್ಲಿ ನೆಟ್ಟೆ. ಒಂಬತ್ತು ತಿಂಗಳು ಕಾದೆ. ಹೆಚ್ಚು ಕುದಿಸಿದರೂ ಬಣ್ಣ ಕೆಡುತ್ತದೆಂದು ಅತ್ತೆ ಎಚ್ಚರಿಸಿದ್ದರಿಂದ, ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಂದೇ ಬಿಸಿಲಿಗೆ ಒಣಗಿಸಿದೆ.

ನಮ್ಮಲ್ಲಿ ಕುಂಕುಮ ಮನೆಯಲ್ಲೇ ಆಗುತ್ತಿತ್ತು. ಅರಿಸಿನ ಸುಣ್ಣದ ನೀರಿಗೆ ಕೆಂಪಾಗುತ್ತದೆ; ಹಳದಿ ಹೆಚ್ಚಿದ್ದಷ್ಟು ಕೆಂಪು ಗಾಢ. ಎರಡು ಬಟ್ಟಲಿಗೆ ಒಂದೊಂದು ಚಿಟಿಕೆ ಪುಡಿ ಹಾಕಿ ಅಷ್ಟಷ್ಟೇ ಸುಣ್ಣದ ತಿಳಿ ಎರೆದೆ. ಮಡಿಯದ್ದು ದಾಸವಾಳದಂತೆ ಕೆಂಪಾಯಿತು. ಬಚ್ಚಲದ್ದು ಇಟ್ಟಿಗೆಯ ಬಣ್ಣದಲ್ಲೇ ನಿಂತಿತು. ಎರಡು ಬಟ್ಟಲಿನಿಂದ ಶಾಸ್ತ್ರ ಸಿದ್ಧವಾಗುವುದಿಲ್ಲ, ನನಗೂ ಗೊತ್ತು. ಆದರೆ ಮಾವನವರು ಬಟ್ಟಲುಗಳನ್ನು ಬೆಳಕಿಗೆ ಒಯ್ದು, ಅದಲುಬದಲು ಮಾಡಿ, ಬಹಳ ಹೊತ್ತು ನೋಡಿದರು. ಮರುದಿನ ಬೀಜದ ಚೀಲ ಗಾಡಿಗೆ ಹೇರಿಸಿ ತಾವೇ ಖಂಡೇರಾಜುರಿಗೆ ಹೋದರು.

ಪಾಯಪ್ಪ ಚೀಲ ಮುಟ್ಟಲಿಲ್ಲವಂತೆ. ಬೀಜವಿಲ್ಲದೆ ಒಂದು ಹಂಗಾಮು ಅವನ ಅರಿಸಿನದ ಹೊಲದಲ್ಲಿ ಬರೀ ಜೋಳ ಬೆಳೆದಿತ್ತು.

"ಪೇಟ್ಯಾಗ ಅಂದೀರಿ, ಸಾವಕಾರ್ರ. ತಿರುಗಿ ಪೇಟ್ಯಾಗ ಅನ್ರಿ. ಆಮ್ಯಾಲ ಬೀಜ ಒಯ್ತೀನಿ."

ಪೇಟೆಯಲ್ಲಿ ಮುಂದಿನ ಹರಾಜಿನ ದಿನ, ದರ ಕೂಗುವ ಮೊದಲು, ಮಾವನವರು ಎಲ್ಲರೆದುರು ಎದ್ದು ನಿಂತರೆಂದು ನನ್ನ ಯಜಮಾನರು ಮನೆಗೆ ಬಂದು ಹೇಳಿದರು.

"ಪಾಯಪ್ಪನ ಮಾಲು ಕಡಿಮಿ ಇತ್ತು. ಮನಷ್ಯಾ ಕಡಿಮಿ ಇರಲಿಲ್ಲ. ತಪ್ಪು ನಂದು."

ಬಣ್ಣ ಕಡಿಮೆ ಎಂಬ ಪತ್ರಗಳು ಆಮೇಲೂ ಬಂದವು. ಓದಿ ಹೇಳಿದಾಗಲೆಲ್ಲ ಮಾವನವರು ರೈತನ ಹೆಸರು ಕೇಳುವ ಮೊದಲು ಹೊಲ ಎಲ್ಲಿಯದೆಂದು ಕೇಳುತ್ತಿದ್ದರು. ನಾನು ಆ ಕೆಲಸದಿಂದ ಕಲಿತದ್ದೂ ಅಷ್ಟೇ.