ಕಡೆಯ ಹನ್ನೊಂದು ಹಾಳೆ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಾರ್ಮಿಕರ ವಾಚನಾಲಯವಿತ್ತು. ಹಿಂದಿನ ಕೋಣೆಯ ಕಿಟಕಿಗೆ ಅಂಟಿಕೊಂಡಂತೆ ಒಂದು ಮೇಜು. ಅದರ ಮೇಲೆ ಕಬ್ಬಿಣದ ಒತ್ತುಯಂತ್ರ, ಅಂಟಿನ ಡಬ್ಬಿ, ಮೇಣ ಹಚ್ಚಿದ ದಾರದ ಉಂಡೆ, ಮೊನೆ ಸವೆದ ಚಾಕು. ಆ ಮೇಜಿಗೆ ಮೂವತ್ತೊಂದು ವರ್ಷದಿಂದ ಒಬ್ಬಳೇ ಯಜಮಾನಿ. ಹರಿದ ಪುಸ್ತಕ ಹೊಲಿಯುವುದು ಅವಳ ಕೆಲಸ. ಎಲ್ಲರೂ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ನಾಲಿಗೆಯೂ ಹಾಗೇ ಇದ್ದದ್ದರಿಂದ ಆ ಹೆಸರನ್ನು ಯಾರೂ ಬದಲಿಸಲು ಹೋಗಿರಲಿಲ್ಲ.

ಅವಳು ಪುಸ್ತಕ ಹೊಲಿಯುತ್ತಿದ್ದಳೇ ಹೊರತು ಓದುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಚಪ್ಪಲಿ ಹೊಲಿಯೋನು ಎಲ್ಲರ ಚಪ್ಪಲೀನೂ ಕಾಲಿಗೆ ಹಾಕ್ಕೊಂಡು ಒಂದು ಸುತ್ತು ಹೋಗಿ ಬರ್ತಾನಾ?" ಎನ್ನುತ್ತಿದ್ದಳು. ಇನ್ನೊಂದು ಮಾತು ಅವಳ ಬಾಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. "ನನ್ನ ಕೈಲಿ ಒಂದೇ ಒಂದು ಹಾಳೆ ಕಳೆದಿದೆ ಅಂತ ತೋರಿಸಿ, ಸೂಜಿ ಕೆಳಗಿಟ್ಟು ಮನೆಗೆ ಹೋಗ್ತೀನಿ."

ವಾಚನಾಲಯ ಕಟ್ಟಿದವರು ಗಿರಣಿಯವರು. ಹನ್ನೊಂದು ವಾರ ಮುಷ್ಕರ ಮಾಡಿ ಅವರು ಗೆದ್ದದ್ದು ಎರಡೇ: ಎಂಟು ಗಂಟೆಯ ಕೆಲಸ, ಈ ಎರಡು ಕೋಣೆ. ಎಂಟು ಗಂಟೆ ಯಾವಾಗಲೋ ಮತ್ತೆ ಹತ್ತಾಯಿತು. ಕೋಣೆಗಳು ಉಳಿದವು, ಜೊತೆಗೆ ಅವರು ಮಾಡಿದ ಒಂದು ಕಟ್ಟಳೆಯೂ ಉಳಿಯಿತು. ಪ್ರತಿ ಪುಸ್ತಕದ ಹಿಂದೆ ಗೆರೆ ಹಾಕಿದ ಹಾಳೆ ಅಂಟಿಸಿರುತ್ತಿತ್ತು. ಓದಿದವರು ಅದರಲ್ಲಿ ತಮ್ಮ ಅಭಿಪ್ರಾಯವನ್ನು ಒಂದು ಸಾಲಾದರೂ ಬರೆಯಬೇಕು, ಇಲ್ಲದಿದ್ದರೆ ಮುಂದಿನ ಪುಸ್ತಕವಿಲ್ಲ. ಓದದೆ ಬರೆದು ಸಿಕ್ಕಿಬಿದ್ದರೆ ಆರು ತಿಂಗಳು ಕಾರ್ಡು ಕಿತ್ತುಕೊಳ್ಳುತ್ತಿದ್ದರು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಗ್ರಂಥಪಾಲಕ ಆ ಸಾಲುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಜನ ಕಿತ್ತಾಡುತ್ತಿದ್ದರು. ಕಿತ್ತಾಡಲೆಂದೇ ಬರುತ್ತಿದ್ದರು.

ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಪುಸ್ತಕ. ಪರ್ಷಿಯಾದ ಹಳೆಯ ಪುರಾಣಗಳಿಂದ ಎಳೆ ಎತ್ತಿಕೊಂಡು ಹರೆಯದವರಿಗೆಂದು ಬರೆದ ಪ್ರೇಮಕಥೆ. ಬೆಟ್ಟದ ತುದಿಯ ಗೋಪುರದಲ್ಲಿ ಬೆಂಕಿ ಆರದಂತೆ ಕಾಯುವ ಹುಡುಗಿ, ಅವಳನ್ನು ಪ್ರೀತಿಸುವ ರಾಕ್ಷಸ. ಆ ಪುರಾಣದಲ್ಲಿ ರಾಕ್ಷಸನಿಗೆ ದೇವ್ ಎನ್ನುತ್ತಾರಂತೆ. ಅದನ್ನು ಕೇಳಿಯೇ ಅರ್ಧ ಜನ ನಕ್ಕಿದ್ದರು. ಅವನ ಪ್ರಾಣ ಒಂದು ಗಾಜಿನ ಸೀಸೆಯಲ್ಲಿದೆ. ಅವನನ್ನು ಕೊಲ್ಲೆಂದು ರಾಜ ಹುಡುಗಿಯನ್ನು ಕಳಿಸುತ್ತಾನೆ. ಅವನೋ ಸೀಸೆಯನ್ನು ತಾನಾಗಿಯೇ ತಂದು ಅವಳ ಕೈಗೆ ಕೊಡುತ್ತಾನೆ. ನಡುವೆ ಆನೆ ಗಾತ್ರದ ಒಂದು ಹಕ್ಕಿ.

ಜನ ಕೈಯಿಂದ ಕೈಗೆ ಕಿತ್ತುಕೊಂಡು ಓದಿದ್ದರಿಂದ ವಾಚನಾಲಯ ಮೂರು ಪ್ರತಿ ತರಿಸಬೇಕಾಯಿತು. ನರ್ಸ್ ಒಬ್ಬಳು ಬರೆದಿದ್ದಳು: "ಬಸ್ಸಿನಲ್ಲಿ ಓದುತ್ತ ಎರಡು ಸ್ಟಾಪು ಮುಂದೆ ಹೋದೆ. ವಾಪಸ್ ಟಿಕೆಟ್ಟು ಪುಸ್ತಕ ಬರೆದವಳೇ ಕೊಡಬೇಕು." ಬ್ಯಾಂಕಿನ ಗುಮಾಸ್ತನಿಗೆ ರಾಕ್ಷಸನ ಕೂದಲಿನ ಮೇಲೆ ಸಿಟ್ಟು: "ಮೂರು ಪುಟ ಬರೀ ಕೂದಲು. ಬೋಳು ರಾಕ್ಷಸನಿಗೆ ಪ್ರೀತಿ ಬರುವುದಿಲ್ಲವೇ?" ಸಮಿತಿಯ ಸದಸ್ಯರಾದ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಸಾಲು ಹೀಗಿತ್ತು: "ಹದಿನಾರರವರಿಗೆ ಬರೆದದ್ದನ್ನು ಅರವತ್ತೈದರ ನಾನು ಓದಿದ್ದು ತಪ್ಪು. ಎರಡು ಸಲ ಓದಿದ್ದು ದೊಡ್ಡ ತಪ್ಪು."

ಸೂಜಿಯಕ್ಕನ ನಾದಿನಿಯೂ ಅದನ್ನು ಓದಿದಳು. ಗಂಡನ ತಂಗಿ, ವಯಸ್ಸು ನಲವತ್ತಾರು. ಶರ್ಟು ಫ್ಯಾಕ್ಟರಿಯಲ್ಲಿ ಗುಂಡಿ ಹಾಕುವ ಕೆಲಸ. ಮದುವೆ ಬೇಡವೆಂದು ಅಣ್ಣ ಅತ್ತಿಗೆಯರ ಜೊತೆಗೇ ಉಳಿದವಳು. ಅದುವರೆಗೆ ಯಾವ ಪುಸ್ತಕವನ್ನೂ ಕೊನೆ ಮುಟ್ಟಿಸಿರಲಿಲ್ಲ. ಊಟದ ಬಿಡುವಿನಲ್ಲಿ ಬಟ್ಟೆ ಬಂಡಲಿನ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಮೂರು ವಾರ ಓದಿದಳು. ಆಮೇಲೆ ಬರೆದಳು: "ಹುಡುಗಿ ಸೀಸೆ ಒಡೆಯಲಿಲ್ಲ, ವಾಪಸೂ ಕೊಡಲಿಲ್ಲ. ಕೈಯಲ್ಲಿ ಹಿಡಿದು ನಿಂತಳು. ಅದೇ ಸರಿ. ಒಡೆದರೆ ಪಾಪ, ಕೊಟ್ಟರೆ ಪೆದ್ದುತನ."

ಭಾನುವಾರದ ಸಭೆಯಲ್ಲಿ ಗ್ರಂಥಪಾಲಕ ಆ ಸಾಲನ್ನು ಓದುತ್ತಿದ್ದಂತೆ ಮೇಷ್ಟ್ರು ಕೈ ಎತ್ತಿದರು.

"ಇದನ್ನ ಬರೆದೋರು ಪುಸ್ತಕ ಓದಿಲ್ಲ."

"ನಾನೇ ಬರೆದಿದ್ದು, ಓದಿದೀನಿ," ಎಂದಳು ನಾದಿನಿ.

"ಹಾಗಾದ್ರೆ ಕೊನೇಲಿ ಏನಾಗುತ್ತೆ ಹೇಳಮ್ಮ."

"ಹೊಳೆ ಹತ್ರ ನಿಂತಿರ್ತಾಳೆ. ಸೀಸೆ ಕೈಯಲ್ಲಿರುತ್ತೆ. ಅಷ್ಟೇ, ಮುಗೀತು."

ಸಭೆ ಗೊಳ್ಳೆಂದಿತು. "ಸೀಸೆ ಒಡೆಯುತ್ತಲ್ಲಮ್ಮ!" ಎಂದರು ಮೇಷ್ಟ್ರು. "ಅವನು ಮನುಷ್ಯ ಆಗ್ತಾನೆ, ಮದುವೆ ಆಗ್ತಾರೆ, ಇಪ್ಪತ್ತೆರಡು ಪುಟ ಅದೇ ಇದೆ. ಹಕ್ಕಿ ಬಂದು ಹರಸಿ ಹೋಗುತ್ತೆ. ಆನೆಯಂಥ ಹಕ್ಕಿ ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಯಾರೋ ಹೇಳಿದ್ದು ಕೇಳ್ಕೊಂಡು ಬರೆದಿರ್ತಾಳೆ ಬಿಡಿ," ಎಂದಿತು ಹಿಂದಿನ ಸಾಲು.

ನಾದಿನಿಯ ಕಿವಿ ಕೆಂಪಾದವು. ಅವಳು ಓದಿದ ಪ್ರತಿ ಆಗಲೇ ಬೇರೆ ಯಾರದೋ ಮನೆಗೆ ಹೋಗಿತ್ತು. "ಆ ಪುಸ್ತಕದಲ್ಲೇ ಹಾಳೆ ಹೋಗಿದ್ರೆ?" ಎಂದು ನರ್ಸ್ ಕೇಳಿದಳು. ಗ್ರಂಥಪಾಲಕ ಹಿಂದಿನ ಕೋಣೆಯ ಕಡೆ ತಿರುಗಿದ. ಬಾಗಿಲಿಗೆ ಒರಗಿ ನಿಂತಿದ್ದ ಸೂಜಿಯಕ್ಕ, ಒಂದು ಕ್ಷಣವೂ ಯೋಚಿಸದೆ, "ನಾನು ಹೊಲಿದ ಪ್ರತಿ ಅದು. ಹಾಳೆ ಹೋಗೋ ಮಾತೇ ಇಲ್ಲ," ಎಂದುಬಿಟ್ಟಳು.

ಅಲ್ಲಿಗೆ ಮುಗಿಯಿತು. ನಾದಿನಿಯ ಕಾರ್ಡು ಸಭೆಯ ಮೇಜಿನ ಮೇಲೆ ಬಂತು. ಮುಂದಿನ ಭಾನುವಾರ ಸಮಿತಿ ಕೂತು ತೀರ್ಮಾನ ಮಾಡುತ್ತದೆ ಎಂದ ಗ್ರಂಥಪಾಲಕ.

ಮನೆಯ ದಾರಿಯಲ್ಲಿ ನಾದಿನಿ ಕೇಳಿದ್ದು ಒಂದೇ ಮಾತು. "ಅತ್ತಿಗೆ, ನಾನು ಓದೋದನ್ನ ನೀನೇ ನೋಡಿದೀಯಲ್ಲ?"

"ನೋಡಿದೀನಿ. ಕೊನೇಲಿ ಕಣ್ಣು ತೂಗಿ ಪುಟ ಹಾರಿಸಿರ್ತೀಯೇನೋ."

ನಾದಿನಿ ಮನೆ ಮುಟ್ಟಿದವಳೇ ಚಾಪೆ ಹಾಸಿ ಮಲಗಿದಳು. ಅಂದು ಊಟಕ್ಕೂ ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಆ ಪ್ರತಿ ವಾಪಸಾಯಿತು. ಸೂಜಿಯಕ್ಕ ಅದನ್ನು ಎರಡನೇ ಪ್ರತಿಯ ಪಕ್ಕದಲ್ಲಿ ನಿಲ್ಲಿಸಿ ನೋಡಿದಳು. ಒಂದು ಕೂದಲೆಳೆಯಷ್ಟು ತೆಳು. ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಯಿತು. ಎರಡರ ಕೊನೆಯನ್ನೂ ತೆರೆದಳು. ಹೊಳೆಯ ದಡದಲ್ಲಿ ಹುಡುಗಿ ನಿಲ್ಲುವ ಪುಟದ ನಂತರ ಪೂರ್ತಿ ಕಪ್ಪು ಪುಟ, ಅದರ ಮೇಲೊಂದು ಗರಿಯ ಚಿತ್ರ. ನಾದಿನಿ ಓದಿದ ಪ್ರತಿ ಅಷ್ಟಕ್ಕೇ ಮುಗಿದಿತ್ತು. ಎರಡನೇ ಪ್ರತಿಯಲ್ಲಿ ಕಪ್ಪು ಪುಟದ ಆಚೆ ಇನ್ನೂ ಹನ್ನೊಂದು ಹಾಳೆ. ಅಕ್ಷರವೇ ಬೇರೆ, ಓರೆ ಅಕ್ಷರ. ಹೊಸ ಶೀರ್ಷಿಕೆ. ಕಥೆ ಹೇಳುವವನು ರಾಕ್ಷಸ.

ನೆನಪಾಯಿತು. ಆ ಪ್ರತಿಯ ಬೆನ್ನು ತಿಂಗಳೊಳಗೇ ಬಿರುಕು ಬಿಟ್ಟಿತ್ತು. ಹೊಸದಾಗಿ ಹೊಲಿಯುವಾಗ ಹಿಂದಿನ ಜಾಹೀರಾತು ಪುಟಗಳನ್ನು ತೆಗೆದುಹಾಕುವುದು ಅವಳ ಪದ್ಧತಿ. "ನಮ್ಮ ಮುಂದಿನ ಪುಸ್ತಕದಿಂದ ಒಂದು ಅಧ್ಯಾಯ" ಎಂದು ಪ್ರಕಾಶಕರು ತುರುಕುವ ಕೊಬ್ಬು ಹೋದರೆ ಬೆನ್ನಿಗೆ ಭಾರ ಕಡಿಮೆ. ಕಪ್ಪು ಪುಟ ನೋಡಿದಳು, ಬೇರೆ ಅಕ್ಷರ ನೋಡಿದಳು, ಚಾಕು ಹಾಕಿದಳು. ಒಂದೇ ಒಂದು ಸಾಲು ಓದಿದ್ದರೂ ಸಾಕಿತ್ತು. ತೆಗೆದ ಹಾಳೆಗಳನ್ನು ಪಟ್ಟಿ ಪಟ್ಟಿ ಕತ್ತರಿಸಿ ಬೇರೆ ಪುಸ್ತಕಗಳ ಬೆನ್ನಿನೊಳಗೆ ಅಸ್ತರಿಗೆ ಬಳಸಿದ್ದಳು. ರಾಕ್ಷಸನ ಮದುವೆ ಈಗ ಮನೆಮದ್ದಿನ ಪುಸ್ತಕದ ಬೆನ್ನಿನಲ್ಲಿ ಅರ್ಧ, ಬಾಡಿಗೆ ಕಾನೂನಿನ ಬೆನ್ನಿನಲ್ಲಿ ಅರ್ಧ ಇತ್ತು.

ಅವಳು ಸ್ಟೂಲಿನ ಮೇಲೆ ಕೂತಳು. ಡ್ರಾಯಿಂಗ್ ಮೇಷ್ಟ್ರು ವರ್ಷದಿಂದ ಸಮಿತಿಯಲ್ಲಿ ಒಂದೇ ರಾಗ ಹಾಡುತ್ತಿದ್ದರು: ಈ ಕಾಲದಲ್ಲಿ ಪುಸ್ತಕ ಹೊಲಿಸುವುದು ದಂಡ, ಹರಿದರೆ ಹೊಸದು ತರೋಣ, ಮೇಜು ತೆಗೆದರೆ ಆ ಜಾಗದಲ್ಲಿ ಎರಡು ಬೀರು ಇಡಬಹುದು. ಅವರ ಬಾಯಿ ಇದುವರೆಗೆ ಮುಚ್ಚಿಸಿದ್ದು ಸೂಜಿಯಕ್ಕನ ಆ ಒಂದು ಮಾತು, ಹಾಳೆ ಕಳೆದಿಲ್ಲ ಎಂಬುದು. ಈಗ ಹೇಳಿದರೆ ಮೇಜು ಹೋಗುತ್ತದೆ. ಹೇಳದಿದ್ದರೆ ನಾದಿನಿಯ ಕಾರ್ಡು ಹೋಗುತ್ತದೆ, ಜೊತೆಗೆ ಸುಳ್ಳಿ ಎಂಬ ಹೆಸರು.

ಮೂರನೇ ದಾರಿಯೂ ಕಂಡಿತು. ಓದಿದವರು ಹಾಳೆ ಹರಿಯುವುದು ಹೊಸದೇನಲ್ಲ. ಯಾರೋ ಕಿತ್ತಿದ್ದಾರೆ ಎಂದರೆ ನಾದಿನಿಯೂ ಪಾರು, ತಾನೂ ಪಾರು. ಅಂಟಿನ ಕೆಳಗೆ ಇರುವುದು ಚಾಕುವಿನ ಗುರುತೋ ಕಿತ್ತ ಗುರುತೋ, ಅವಳಿಗಲ್ಲದೆ ಯಾರಿಗೆ ತಿಳಿಯಬೇಕು?

ನಾಲ್ಕು ದಿನ ಅದನ್ನೇ ಮೆಲುಕು ಹಾಕಿದಳು. ಶುಕ್ರವಾರ ಗ್ರಂಥಪಾಲಕನ ಬಳಿ ಸುಮ್ಮನೆ ಮಾತು ತೆಗೆದಳು. "ಆ ಪ್ರತೀಲಿ ಹಾಳೆ ಯಾರಾದ್ರೂ ಕಿತ್ತಿದ್ರೆ?"

ಅವನು ಪುಸ್ತಕ ತರಿಸಿ ಅಭಿಪ್ರಾಯದ ಹಾಳೆ ತೆರೆದ. ಹೊಲಿದ ಮೇಲೆ, ನಾದಿನಿಗಿಂತ ಮೊದಲು, ನಾಲ್ವರು ಓದಿದ್ದರು. ಲೆಕ್ಚರರ ಮಗಳು, ಗುಮಾಸ್ತನ ಹೆಂಡತಿ, ಔಷಧಿ ಅಂಗಡಿಯವನು, ಸಿಮೆಂಟು ಗೋದಾಮಿನಲ್ಲಿ ಮೂಟೆ ಹೊರುವವನು. ಗ್ರಂಥಪಾಲಕನ ಬೆರಳು ಮೊದಲ ಮೂರರ ಮೇಲೆ ಜಾರಿ ನಾಲ್ಕನೆಯದರ ಮೇಲೆ ನಿಂತಿತು.

"ಇನ್ಯಾರು, ಇವನೇ. ಸಿಮೆಂಟು ಕೈ ಒರೆಸೋಕೆ ಕಿತ್ತಿರ್ತಾನೆ."

ಬೆರಳಿಗೆ ಯೋಚನೆ ಬೇಕಾಗಿರಲಿಲ್ಲ. ಆಪಾದನೆ ಇಳಿಜಾರಿನ ನೀರು. ಎಲ್ಲಿ ಸುರಿದರೂ ಕೆಳಗಿನವನ ಮನೆಗೇ ನುಗ್ಗುತ್ತದೆ. ಸೂಜಿಯಕ್ಕ ಆ ಬೆರಳಿನ ಕೆಳಗಿನ ಸಾಲು ಓದಿದಳು. ದಪ್ಪ ಅಕ್ಷರ, ಒತ್ತಿ ಬರೆದದ್ದು: "ಹಕ್ಕಿ ಚೆನ್ನಾಗಿದೆ. ಇನ್ನೂ ಬರಬೇಕಿತ್ತು. ಕೊಳೆ ಆಗಬಾರದೆಂದು ಪುಸ್ತಕಕ್ಕೆ ಪೇಪರ್ ಸುತ್ತಿ ಓದಿದ್ದೇನೆ." ಲೆಕ್ಚರರ ಮಗಳು ಬರೆದಿದ್ದಳು: "ಅರ್ಧಕ್ಕೇ ನಿಂತಂತಿದೆ. ಎರಡನೇ ಭಾಗ ಯಾವಾಗ?" ಅದನ್ನು ಬರೆದು ತಿಂಗಳುಗಳಾಗಿದ್ದವು. ಗ್ರಂಥಪಾಲಕ ನೋಟ್‌ಬುಕ್ಕಿಗೆ ಇಳಿಸಿದ್ದ, ಸಭೆ ಕೇಳಿತ್ತು. ಲೆಕ್ಚರರ ಮಗಳಿಗೆ ನೀನು ಓದಿಲ್ಲ ಎಂದು ಯಾರೂ ಅಂದಿರಲಿಲ್ಲ.

"ಅವನ ಮೇಲೆ ಹಾಕಬೇಡ," ಎಂದಷ್ಟೇ ಹೇಳಿ ಅವಳು ಪುಸ್ತಕ ಕಿತ್ತುಕೊಂಡಳು.

ಭಾನುವಾರ ಸಭೆ ಎಂದಿಗಿಂತ ತುಂಬಿತ್ತು. ಜನಕ್ಕೆ ಜಗಳದ ವಾಸನೆ ಬಡಿದಿತ್ತು. ಸಮಿತಿ ಬಾಯಿ ತೆರೆಯುವ ಮೊದಲೇ ಸೂಜಿಯಕ್ಕ ಪುಸ್ತಕ ತಂದು ಮೇಜಿನ ಮೇಲಿಟ್ಟು, ಚಾಕು ಹಾಕಿ, ತಾನೇ ಹೊಲಿದ ಬೆನ್ನನ್ನು ಸೀಳಿದಳು. ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಎಂದರು.

"ನೋಡಿ. ಇಲ್ಲಿ ಹನ್ನೊಂದು ಹಾಳೆ ಇರಬೇಕಿತ್ತು. ಬುಡ ನೀಟಾಗಿದೆ, ಕಿತ್ತಿದ್ದಲ್ಲ, ಕತ್ತರಿಸಿದ್ದು. ಕತ್ತರಿಸಿದೋಳು ನಾನು. ಜಾಹೀರಾತು ಅಂದ್ಕೊಂಡೆ. ಈ ಪ್ರತಿ ಓದಿದೋರಿಗೆ ಕಥೆ ಹೊಳೆ ಹತ್ರಾನೇ ಮುಗಿದಿದೆ. ನನ್ನ ನಾದಿನಿ ಓದಿದಾಳೆ, ಪೂರ್ತಿ ಓದಿದಾಳೆ. ಅವಳ ಕಾರ್ಡು ಕೊಡಿ."

ಮೇಷ್ಟ್ರು ಮುಂದೆ ಬಗ್ಗಿ ಸೀಳಿದ ಬೆನ್ನನ್ನು ನೋಡಿದರು.

"ಆ ಹಾಳೆಗಳೆಲ್ಲಿ?" ಎಂದರು ಮೇಷ್ಟ್ರು.

"ಒಂದಷ್ಟು ಮನೆಮದ್ದಿನಲ್ಲಿ, ಒಂದಷ್ಟು ಬಾಡಿಗೆ ಕಾನೂನಿನಲ್ಲಿ. ಬೆನ್ನಿನೊಳಗೆ."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. "ಹಾಳೆ ಕಳೆದ್ರೆ ಸೂಜಿ ಕೆಳಗಿಡ್ತೀನಿ ಅಂತಿದ್ದೋಳು ನೀನೇ ಅಲ್ವಾ?"

"ಹೌದು, ನಾನೇ. ಇಡು ಅಂದ್ರೆ ಇಡ್ತೀನಿ. ಆದ್ರೆ ಮೊದಲು ಅವಳ ಹತ್ರ ತಪ್ಪಾಯ್ತು ಅನ್ನಿ, ಮೇಷ್ಟ್ರೇ. ಆಮೇಲೆ ನನ್ನ ಸೂಜಿ ವಿಷಯ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಓದಿದೀಯಮ್ಮ. ನನ್ನದೇ ತಪ್ಪು," ಎಂದರು, ಮೇಜನ್ನು ನೋಡುತ್ತ. ಒರಟಾಗಿದ್ದರೂ ಕೆಟ್ಟವರಲ್ಲ.

ಅಷ್ಟರಲ್ಲಿ ನಾದಿನಿ ಕಪಾಟಿನಿಂದ ಇನ್ನೊಂದು ಪ್ರತಿ ತೆಗೆದುಕೊಂಡು ಕಿಟಕಿಯ ಬಳಿ ನಿಂತಿದ್ದಳು. ಒಳಗೆ ಸಮಿತಿ ಮೇಜಿನ ಬಗ್ಗೆ ಹಗ್ಗಜಗ್ಗಾಟ ನಡೆಸಿದಷ್ಟು ಹೊತ್ತು ಬೆರಳಿಟ್ಟು ಇಪ್ಪತ್ತೆರಡು ಪುಟ ಓದಿದಳು. ತೀರ್ಮಾನವಾಯಿತು: ಮೇಜು ಇರಲಿ, ವಾರಕ್ಕೆ ಆರು ದಿನದ ಬದಲು ಮೂರು ದಿನ, ಗ್ರಂಥಪಾಲಕ ನೋಡಿ ಒಪ್ಪದೆ ಒಂದು ಹಾಳೆಗೂ ಚಾಕು ಮುಟ್ಟಿಸಕೂಡದು. ಸೂಜಿಯಕ್ಕ ತಲೆಯಾಡಿಸಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಎದುರು ಮಾತಾಡದೆ ಒಪ್ಪಿದ್ದು ಅದೇ ಮೊದಲು.

"ಈಗ ಪೂರ್ತಿ ಓದಿದೆಯಲ್ಲಮ್ಮ, ಅಭಿಪ್ರಾಯ ತಿದ್ದಿ ಬರೀತೀಯಾ?" ಎಂದು ಗ್ರಂಥಪಾಲಕ ನಾದಿನಿಯನ್ನು ಕೇಳಿದ.

"ಯಾಕೆ ತಿದ್ದಬೇಕು? ಸೀಸೆ ಕೈ ಜಾರಿ ಒಡೆಯುತ್ತಂತೆ. ಅದೇನು, ಹಾಲಿನ ಲೋಟನಾ ಕೈ ಜಾರೋಕೆ? ನಾನು ಬರೆದಿದ್ದೇ ಸರಿ."

ಜನ ಚಪ್ಪಾಳೆ ತಟ್ಟಿದರು. ಮೂಟೆ ಹೊರುವವನು ಹಿಂದಿನಿಂದ, "ಹಕ್ಕಿ ಬರುತ್ತಾ ಅಕ್ಕ ಅದರಲ್ಲಿ?" ಎಂದ. ಬರುತ್ತೆ ಎಂದಾಗ ಅವನು ಅಲ್ಲೇ ಆ ಪ್ರತಿಯನ್ನು ತನ್ನ ಹೆಸರಿಗೆ ಬರೆಸಿಕೊಂಡ.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ನಾದಿನಿ ಕೇಳಿದಳು. "ಯಾವಾಗ ಗೊತ್ತಾಯ್ತು ನಿನಗೆ?"

"ಸೋಮವಾರ."

"ಇವತ್ತು ಭಾನುವಾರ."

"ಹೂಂ."

"ಆರು ದಿನ ಫ್ಯಾಕ್ಟರೀಲಿ ಎಲ್ಲರೂ ನನ್ನ ಆಡ್ಕೊಂಡ್ರು. ಸಂಜೆ ನಿನ್ನ ಪಕ್ಕದಲ್ಲೇ ಕೂತು ಉಣ್ತಿದ್ದೆ. ಹೇಳಲಿಲ್ಲ ನೀನು."

ಸೂಜಿಯಕ್ಕ, "ಮೇಜು ಹೋಗುತ್ತೆ ಅಂತ ಭಯ ಆಯ್ತು," ಎಂದಳು. ನಾದಿನಿ ಹೆಜ್ಜೆ ಜೋರು ಮಾಡಿ ಮುಂದೆ ಹೋದಳು.

ಮೂರು ವಾರ ಮನೆಯಲ್ಲಿ ಮಾತೆಲ್ಲ ಅಣ್ಣನ ಮೂಲಕವೇ ನಡೆಯಿತು. "ಅಣ್ಣಾ, ನಲ್ಲೀಲಿ ನೀರು ಬಂತು ಅಂತ ನಿನ್ನ ಹೆಂಡತಿಗೆ ಹೇಳು." ಹೆಂಡತಿ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. "ನಾನೇನು ಟೆಲಿಫೋನ್ ಕಂಬನಾ?" ಎಂದು ಅವನು ಗೊಣಗುತ್ತಿದ್ದ.

ನಾಲ್ಕನೇ ವಾರ, ಸೂಜಿಯಕ್ಕನ ಮೂರು ದಿನಗಳಲ್ಲಿ ಒಂದು ದಿನ, ನಾದಿನಿ ಕೆಲಸ ಬಿಟ್ಟು ನೇರವಾಗಿ ಹಿಂದಿನ ಕೋಣೆಗೆ ಬಂದಳು. ಕೈಯಲ್ಲಿ ಅವಳು ಆರಿಸಿದ ಹೊಸ ಪುಸ್ತಕ, ದಪ್ಪದ್ದು. ಮೇಜಿನ ಮೇಲೆ ಇಟ್ಟಳು.

"ಇದು ಪೂರ್ತಿ ಇದೆಯಾ, ಎಣಿಸಿ ಕೊಡು."

"ಇದು ನಾನು ಹೊಲಿದಿದ್ದಲ್ಲ ಕಣೇ, ಹೊಸದು."

"ಯಾರು ಹೊಲಿದಿದ್ರೂ ಸರಿ. ನನ್ನ ಕಣ್ಣೆದುರು ಎಣಿಸು."

ಸೂಜಿಯಕ್ಕ ಚಾಕುವನ್ನು ಪಕ್ಕಕ್ಕೆ ಸರಿಸಿದಳು, ಹೆಬ್ಬೆರಳು ಒದ್ದೆ ಮಾಡಿಕೊಂಡಳು, ಮೊದಲ ಹಾಳೆಯಿಂದ ಶುರು ಮಾಡಿದಳು. ನಾದಿನಿ ಸ್ಟೂಲು ಎಳೆದುಕೊಂಡು ಕೂತಳು. ಎಣಿಕೆ ನೂರು ದಾಟಿತು. ನೂರಾ ನಲವತ್ತರ ಹತ್ತಿರ ನಾದಿನಿ ಕೈ ಅಡ್ಡ ಹಿಡಿದಳು. "ಎರಡು ಒಟ್ಟಿಗೆ ತಿರುವಿದೆ. ಹಿಂದೆ ಹೋಗು."