ತೂಕಕ್ಕೆ ನಿಂತ ಎಂಟನೆಯವಳು

ನಂಬುವುದಿಲ್ಲ ಅನ್ನುವವರು ನಂಬದೇ ಇರಿ, ನೋಡೋಣ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಹುಡುಕಿದರೂ ಹಗ್ಗ ಜಗ್ಗಾಟದ ತೂಕದಲ್ಲಿ ನನ್ನಷ್ಟು ಮೋಸ ಮಾಡಿದವನು ಸಿಗುವುದಿಲ್ಲ. ನಮ್ಮ ಕಡೆ ಪಂದ್ಯಕ್ಕೆ ಮುಂಚೆ ತಂಡದ ಎಂಟೂ ಜನರನ್ನು ಕೊಬ್ಬರಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿ ತೂಗುತ್ತೇವೆ. ಒಟ್ಟು ತೂಕ ಗೊತ್ತುಮಾಡಿದ್ದಕ್ಕಿಂತ ಹೆಚ್ಚಿರಬಾರದು. ತೂಕ ಕಡಿಮೆ ತೋರಲೆಂದು ದಢೂತಿ ಆಳಿಗೆ, ಹೆಗಲ ಮೇಲಿನ ಟವೆಲ್ಲಿನ ಮರೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನೇತಾಡುವುದನ್ನು ಹೇಳಿಕೊಟ್ಟವನೇ ನಾನು. ವಯಸ್ಸಾದ ಮೇಲೆ ಅಂಥ ಕಳ್ಳನನ್ನೇ ತೂಕದ ಕಾವಲಿಗೆ ಕೂರಿಸಿ, ಕೈಗೆ ಮೈಕನ್ನೂ ಕೊಟ್ಟರು. ಜನರನ್ನು ನಗಿಸುವುದಕ್ಕೆ.

ಎರಡು ವರ್ಷದ ಕೆಳಗೆ ಅಜ್ಜಂಪುರದಲ್ಲಿ ಹೆಂಗಸರ ಪಂದ್ಯ ನಡೆಯಿತು. ಗೆದ್ದವರು ಜಿಲ್ಲಾಮಟ್ಟದ ಪಂದ್ಯಕ್ಕೆ ಹೋಗುವವರಿದ್ದರು. ಊರಿನ ತಂಡದ ಎಂಟನೆಯವಳು ರವಿಕೆ ಹೊಲಿಯುವವಳು. ಗಂಡಾಗಿ ಹುಟ್ಟಿ, ಬಹಳ ವರ್ಷದಿಂದ ಹೆಣ್ಣಾಗಿ ಬಾಳುತ್ತಿರುವವಳು. ಉಳಿದ ಏಳು ಜನರೂ ಅವಳ ಹತ್ತಿರ ಹೊಲಿಸಿಕೊಳ್ಳುವವರೇ. ಅವರೇ ಅವಳನ್ನು ಕರೆದು, ಹುಣಸೆಮರಕ್ಕೆ ಹಗ್ಗ ಕಟ್ಟಿ ದಿನವೂ ಸಂಜೆ ಎಳೆದು ಕಲಿತಿದ್ದರು. ಅವಳೋ ಮೊದಲೇ ಅಂಜಿ, ತಿಂಗಳ ಮುಂಚೆ ಪಂದ್ಯ ನಡೆಸುವ ಸಂಘದ ಅಧ್ಯಕ್ಷನ ಬಳಿ ಹೋಗಿ, "ಅಣ್ಣ, ನನ್ ಹೆಸ್ರು ಬರೆಸ್ಬೋದಾ?" ಎಂದು ಕೇಳಿದ್ದಳು. "ತೂಕ ಸರಿ ಇದ್ರೆ ಸಾಕು ಬಿಡಮ್ಮ" ಅಂದಿದ್ದ ಅವನು. ತೂಕ ಸರಿಯಾಗಿಯೇ ಬಂತು. ಅವತ್ತು ನಾನು ಮೋಸ ಮಾಡಲಿಲ್ಲ. ಎಂಟು ಜನರಲ್ಲಿ ಅವಳೇ ಹಗುರ.

ಫೈನಲ್ ತರೀಕೆರೆಯ ಹೆಂಗಸರ ಮೇಲೆ. ಅವರ ನಾಯಕಿ ಅಡಿಕೆ ಸುಲಿಯುವ ಕೆಲಸದವಳು, ಮಾತು ಕತ್ತಿಯಂಥದ್ದು. ಹಗ್ಗ ಮುಟ್ಟುವ ಮುಂಚೆ ನನ್ನ ಮೇಜಿನ ಹತ್ತಿರ ಬಂದಳು.

"ಅಜ್ಜ, ತೂಕ ಸಮ ಐತೆ, ಸರಿ. ಬಲ ಸಮ ಐತಾ? ಗಂಡಾಗಿ ಬೆಳೆದ ಮೂಳೆ ಬೇರೆ ಅಂತಾರಲ್ಲ. ನಮ್ಗೂ ಜಿಲ್ಲೆಗೆ ಹೋಗೋ ಆಸೆ ಐತೆ ಕಣ್ರೀ."

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಓದಿದವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊಬ್ಬರಿ ತೂಗುವ ಯಂತ್ರಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ. ಅದನ್ನೆಲ್ಲ ತಿಂಗಳ ಹಿಂದೆಯೇ ಕೂತು ತೀರ್ಮಾನಿಸಬೇಕಾಗಿದ್ದವನು ಅಧ್ಯಕ್ಷ. ಅವನು ಬಂದವನೇ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಅಡುಗೆಗೆ ಬಂದಿದ್ದ ಇಬ್ಬರು ಹೆಂಗಸರಿಗೆ ಹೇಳಿದ:

"ಒಳಗೆ ಕರ್ಕೊಂಡೋಗಿ ಒಂದ್ಸಲ ನೋಡ್ಬಿಡ್ರಿ. ಮುಗೀತು."

ಗಂಡಸರು ಹಲ್ಲು ಕಿರಿದರು. ಮೂರು ನಾಲ್ಕು ಮೊಬೈಲು ಮೇಲೆದ್ದವು. ನನ್ನ ಜೀವಮಾನದಲ್ಲಿ ಸಗಣಿ ಗುಂಡಿಗೆ ಜನರನ್ನು ಬೀಳಿಸಿದ್ದೇನೆ, ನಾನೂ ಬಿದ್ದಿದ್ದೇನೆ. ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಬಟ್ಟೆ ಬಿಚ್ಚಿಸಿ ನೋಡಿದರೆ ತೋಳಿನ ಬಲ ಕಾಣುತ್ತದೆಯೇ? ಥೂ!

ಮೊದಲು ಸಿಡಿದವಳು ತರೀಕೆರೆಯವಳೇ. "ನಾನ್ ಅದನ್ನ ಕೇಳಿದ್ನೇನ್ರೀ? ನ್ಯಾಯ ಕೇಳಿದ್ರೆ ಸೀರೆಗೆ ಕೈ ಹಾಕ್ತೀರಲ್ಲ! ನಾಳೆ ನಾವ್ ಜೋರಾಗಿ ಎಳೆದ್ರೆ ನಮ್ಮನ್ನೂ ನೋಡ್ತೀರಾ?"

"ನೀನೇ ಅಲ್ವೇನಮ್ಮ ತಕರಾರು ತೆಗೆದಿದ್ದು?" ಅಧ್ಯಕ್ಷ ಗೊಣಗಿದ.

ಹೊಲಿಯುವವಳು ಅಳಲಿಲ್ಲ. "ಅಣ್ಣ, ನಿಮ್ಮನ್ನ ಕೇಳೇ ಹೆಸ್ರು ಬರೆಸಿದ್ದು. ಅವತ್ತೇ ಬ್ಯಾಡ ಅಂದಿದ್ರೆ ಮನೇಲಿರ್ತಿದ್ದೆ. ಈಗ್ಲೂ ಬ್ಯಾಡ ಅನ್ನಿ, ಹೋಯ್ತೀನಿ. ಒಳಗೆ ಮಾತ್ರ ಬರಲ್ಲ."

ಅವನು ಬೇಕು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. "ಇರಮ್ಮ, ನೋಡಾನ" ಅಂದ. ಅವಳು ನಿಲ್ಲಲಿಲ್ಲ. ಅಂಗೈಗೆ ಸುತ್ತಿಕೊಂಡಿದ್ದ ಬಟ್ಟೆಪಟ್ಟಿ ಬಿಚ್ಚಿ, ಮಡಿಸಿ, ಜೊತೆಯವಳ ಕೈಗಿಟ್ಟು ಗೇಟಿನ ಕಡೆ ನಡೆದಳು. ಅಧ್ಯಕ್ಷ ನನ್ನ ಕಿವಿಯ ಹತ್ತಿರ ಬಂದು, "ಅಜ್ಜ, ಏನಾದ್ರೂ ತಮಾಷೆ ಹೇಳು, ಜನ ಎದ್ದೋಯ್ತಾವ್ರೆ" ಅಂದ. ನಾನು ಮೈಕನ್ನು ಅವನ ಕಾಲ ಬುಡಕ್ಕೆ ಎಸೆದು, ಮುಖಕ್ಕೆ ಉಗಿದಂತೆ ನಾಲ್ಕು ಮಾತಾಡಿ ಎದ್ದು ಬಂದೆ.

ಅಜ್ಜಂಪುರದವರು ಏಳೇ ಜನ ಎಳೆದು ಸೋತರು. ತರೀಕೆರೆಯವಳು ಕಪ್ಪನ್ನು ಕೈಯಲ್ಲಿ ಹಿಡಿಯಲೂ ಇಲ್ಲ, ಮೇಜಿನ ಮೇಲೇ ಬಿಟ್ಟು ಬಸ್ಸು ಹತ್ತಿದಳು.

ಇದರಲ್ಲಿ ಒಂದು ಮಾತು ನಾನು ಕಟ್ಟಿದ್ದು: ಮೈಕು ಎಸೆದದ್ದು. ಎಸೆಯಲಿಲ್ಲ, ಬೈಯಲಿಲ್ಲ, ಎದ್ದು ಬರಲೂ ಇಲ್ಲ. ಅವಳಿನ್ನೂ ಗೇಟು ದಾಟಿರಲಿಲ್ಲ, ನಾನು ಮೈಕನ್ನು ಬಾಯಿಗೆ ಹಿಡಿದು ತಮಾಷೆ ಹೇಳಿದೆ, ಅವಳ ಮೇಲೆಯೇ. ಏನು ಹೇಳಿದೆ ಅಂತ ಬರೆಯಲಾರೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.